1,450 ಇನ್ನಿಂಗ್ಸ್ ಎಸೆಯುವವರು ಯಾರು?

ಪ್ರಶ್ನೆ: ಸರ್, ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಕ್ರಿಕೆಟ್ ನೋಡಿ ಬೆಳೆದವನು ನಾನು, ಮಗನ ದೆಸೆಯಿಂದ ಬೇಸ್‌ಬಾಲ್ ಹುಚ್ಚು ಹಿಡಿಯಿತು. ನಮ್ಮ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್. ಪ್ರತಿ ಚಳಿಗಾಲದಲ್ಲೂ ಒಂದೇ ಗೋಳು. ಲಾಸ್ ಏಂಜಲೀಸ್ ಡಾಡ್ಜರ್ಸ್‌ನವರು ದೊಡ್ಡ ಪಿಚರ್‌ಗಳನ್ನು (ಚೆಂಡು ಎಸೆಯುವವರನ್ನು) ಬಾಚಿಕೊಳ್ಳುತ್ತಾರೆ, ನಮ್ಮವರು ಕೊನೇ ಗಳಿಗೆವರೆಗೂ ಕಾಯುತ್ತಾರೆ. ಕಾದು ತಂದ ಬ್ಲೇಕ್ ಸ್ನೆಲ್ ಒಂದೇ ವರ್ಷ ಇದ್ದು ಅವರ ಕಡೆಗೇ ಹೋದರು. ದೊಡ್ಡ ಹೆಸರು ಬರಲಿಲ್ಲ ಅಂದರೆ ಸೀಸನ್ ಶುರುವಾಗುವ ಮುಂಚೆಯೇ ಮುಗಿದ ಹಾಗಾ? ಇನ್ನೊಂದು ವಿಷಯ. 2025ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಫೈನಲ್ ಸರಣಿಯಲ್ಲಿ, ಡಾಡ್ಜರ್ಸ್‌ನ ಯಮಮೊಟೊ ಹಿಂದಿನ ರಾತ್ರಿ ಎಸೆದು, ಮರುದಿನವೂ ಬಂದು ಎಸೆದು ಗೆಲ್ಲಿಸಿದರು. ಹಾಗಿದ್ದ ಮೇಲೆ ಉಳಿದವರಿಗೆ ನಾಲ್ಕೈದು ದಿನ ರಜೆ ಯಾಕೆ? ಇರುವ ಒಳ್ಳೆಯವನನ್ನೇ ಮೂರು ದಿನಕ್ಕೊಮ್ಮೆ ಇಳಿಸಿದರೆ ಆಗುವುದಿಲ್ಲವಾ? ನನ್ನ ಮಗನಿಗೆ 12 ವರ್ಷ, ಲಿಟಲ್ ಲೀಗ್‌ನಲ್ಲಿ ಪಿಚರ್. ಶನಿವಾರ 70 ಎಸೆತ ಹಾಕಿದ್ದ ಅಂತ ಕೋಚ್ ಮಂಗಳವಾರ ಅವನಿಗೆ ಚೆಂಡು ಕೊಡಲೇ ಇಲ್ಲ. ಕೈ ಸ್ವಲ್ಪವೂ ನೋವಿಲ್ಲ ಅಂತ ಇವನ ವಾದ.

ಉತ್ತರ: ಮೊದಲು ಕೋಚ್ ವಿಷಯ ಮುಗಿಸೋಣ. ಅವರು ಮಾಡಿದ್ದು ಸರಿ, ಅದರಲ್ಲಿ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಲಿಟಲ್ ಲೀಗ್ ನಿಯಮದ ಪ್ರಕಾರ 11-12 ವರ್ಷದ ಹುಡುಗ ಒಂದು ದಿನಕ್ಕೆ ಹೆಚ್ಚೆಂದರೆ 85 ಎಸೆತ ಹಾಕಬಹುದು. 66 ಮುಟ್ಟಿತೋ, ನಾಲ್ಕು ಪೂರ್ತಿ ದಿನ ವಿಶ್ರಾಂತಿ ಕಡ್ಡಾಯ. ಶನಿವಾರ 70 ಹಾಕಿದವನು ಮತ್ತೆ ಎಸೆಯಬಹುದಾದದ್ದು ಗುರುವಾರ. 41 ಎಸೆತ ಮುಟ್ಟಿದ ಹುಡುಗನನ್ನು ಅದೇ ದಿನ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಆಗಿಯೂ ನಿಲ್ಲಿಸುವಂತಿಲ್ಲ. ಅವನು ಇನ್ನೊಂದು ಕ್ಲಬ್‌ನಲ್ಲೂ ಆಡುತ್ತಿದ್ದರೆ ಎರಡೂ ಕಡೆಯ ಎಸೆತ ಕೂಡಿಸಿ ನೀವೇ ಲೆಕ್ಕ ಬರೆದಿಡಿ, ಇಬ್ಬರು ಕೋಚ್‌ಗಳೂ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುವುದಿಲ್ಲ.

ನೋವಿಲ್ಲ ಅನ್ನುವ ಮಾತು ಮಕ್ಕಳಿಂದಲೂ ಕೇಳುತ್ತೇನೆ, ದೊಡ್ಡವರಿಂದಲೂ ಕೇಳುತ್ತೇನೆ. ಪಿಚರ್‌ಗಳ ಎಸೆತದ ಹೊರೆ ಲೆಕ್ಕ ಹಾಕುವುದೇ ನನ್ನ ಕೆಲಸ. ನೋವು ಬರುವ ಹೊತ್ತಿಗೆ ನಾವು ತಡ ಮಾಡಿರುತ್ತೇವೆ. ನಾವು ಕಾಯುವುದು ಸುಸ್ತಿಗೆ. ಚೆಂಡು ಬಿಡುವ ಕ್ಷಣಕ್ಕೆ ಸ್ವಲ್ಪ ಮುಂಚೆ ಮೊಣಕೈ ಒಳಬದಿಯ ಒಂದು ಸಣ್ಣ ಲಿಗಮೆಂಟ್ ಮೇಲೆ ಭಾರೀ ಎಳೆತ ಬೀಳುತ್ತದೆ. ಮುಂಗೈ ಸ್ನಾಯುಗಳು ಅದರಲ್ಲಿ ಒಂದು ಪಾಲು ಹೊರುತ್ತವೆ. ಸ್ನಾಯು ದಣಿದರೆ ಅಷ್ಟೂ ಭಾರ ಲಿಗಮೆಂಟ್ ಮೇಲೆ. ದಣಿದ ಪಿಚರ್‌ನ ವೀಡಿಯೊ ನಿಧಾನವಾಗಿ ಓಡಿಸಿ ನೋಡಿ. ಮೊಣಕೈ ಭುಜದ ಮಟ್ಟದಿಂದ ಕೆಳಗೆ ಇಳಿದಿರುತ್ತದೆ, ಚೆಂಡು ಗುರಿಗಿಂತ ಮೇಲಕ್ಕೆ ಹೋಗಲು ಶುರುವಾಗಿರುತ್ತದೆ. ಅವನಿಗೆ ಮಾತ್ರ ಏನೂ ಅನ್ನಿಸಿರುವುದಿಲ್ಲ.

ಕ್ರಿಕೆಟ್ ನೋಡಿದವರಿಗೆ ಇಲ್ಲಿ ಒಂದು ಗೊಂದಲ ಸಹಜ. ವೇಗದ ಬೌಲರ್ ಟೆಸ್ಟ್‌ನಲ್ಲಿ ದಿನಕ್ಕೆ 20 ಓವರ್ ಹಾಕಿ ಮರುದಿನವೂ ಬರುತ್ತಾನಲ್ಲ ಅಂತ. ಬೌಲರ್ ಮೊಣಕೈ ಮಡಚಿ ಬಿಡಿಸುವಂತಿಲ್ಲ, ಓಡಿ ಬಂದ ವೇಗವೂ ಅವನ ನೆರವಿಗೆ ಇರುತ್ತದೆ. ಅವನ ಪೆಟ್ಟು ಬೀಳುವುದು ಬೆನ್ನಿಗೆ, ಮೊಣಕಾಲಿಗೆ. ಪಿಚರ್ ನಿಂತಲ್ಲಿಂದಲೇ ಪೂರ್ತಿ ಶಕ್ತಿ ಹಾಕಿ ಎಸೆಯುತ್ತಾನೆ, ಪೆಟ್ಟು ಮೊಣಕೈ, ಭುಜಕ್ಕೆ. ಅಷ್ಟಕ್ಕೂ ಕ್ರಿಕೆಟ್ ಕೂಡ ಈಗ ಇದೇ ಲೆಕ್ಕಕ್ಕೆ ಬಂದಿದೆ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡಿದರು, ಅದು ಮೊದಲೇ ತೀರ್ಮಾನವಾಗಿತ್ತು. ಭಾರತ ಗೆದ್ದ ಎರಡೂ ಟೆಸ್ಟ್ ಅವರಿಲ್ಲದ ಟೆಸ್ಟ್‌ಗಳೇ! ಹಾಗಂತ ಬುಮ್ರಾ ಬೇಡ ಅಂತಲ್ಲ. ಆದರೆ ಹಿಂದೆ ಇರುವವರು ಯಾರು ಅನ್ನುವ ಪ್ರಶ್ನೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಇನ್ನು ಯಮಮೊಟೊ. ಅಕ್ಟೋಬರ್ 31ರಂದು ಟೊರಾಂಟೊದಲ್ಲಿ ಆರನೇ ಪಂದ್ಯದಲ್ಲಿ 96 ಎಸೆತ. ಮರುರಾತ್ರಿ ಏಳನೇ ಪಂದ್ಯದಲ್ಲಿ ಮತ್ತೆ 34 ಎಸೆತ. 11ನೇ ಇನ್ನಿಂಗ್ಸ್‌ನಲ್ಲಿ (ಇಲ್ಲಿ ಮೂವರು ಔಟ್ ಆದರೆ ಇನ್ನಿಂಗ್ಸ್ ಮುಗಿಯಿತು) 5-4ರಿಂದ ಡಾಡ್ಜರ್ಸ್ ಗೆದ್ದಿತು. ನಾನೂ ಕುರ್ಚಿಯ ತುದಿಯಲ್ಲೇ ಕೂತು ನೋಡಿದೆ. ಆದರೆ ಆ ಪಂದ್ಯದ ಮರುದಿನ ಪಂದ್ಯವೇ ಇರಲಿಲ್ಲ. ಮುಂದಿನ ಮೂರೂವರೆ ತಿಂಗಳು ಅವರು ಚೆಂಡು ಮುಟ್ಟದಿದ್ದರೂ ನಡೆಯುತ್ತಿತ್ತು. ಏಪ್ರಿಲ್‌ನಲ್ಲಿ ಯಾರಾದರೂ ಮ್ಯಾನೇಜರ್ ಹೀಗೆ ಮಾಡಿದರೆ ಜೂನ್‌ನಲ್ಲಿ ಅವರಿಗೆ ಕೆಲಸವೂ ಇರುವುದಿಲ್ಲ, ಆ ಪಿಚರ್ ಕೂಡ ಇರುವುದಿಲ್ಲ. ಈಗ ಸಾಮಾನ್ಯವಾಗಿ ಐದು ಜನ ಸ್ಟಾರ್ಟರ್‌ಗಳು, ಅಂದರೆ ಪಂದ್ಯ ಶುರು ಮಾಡುವ ಪಿಚರ್‌ಗಳು, ಸರದಿಯಂತೆ ಎಸೆಯುತ್ತಾರೆ. ಹಿಂದೆ ನಾಲ್ಕೇ ಜನರ ಸರದಿ ನಡೆಯುತ್ತಿದ್ದದ್ದು ನಿಜ. ಅದೇ ಡಾಡ್ಜರ್ಸ್‌ನ ಸ್ಯಾಂಡಿ ಕೂಫ್ಯಾಕ್ಸ್ 1965ರಲ್ಲಿ 335 ಇನ್ನಿಂಗ್ಸ್ ಎಸೆದು, ಎರಡೇ ದಿನದ ವಿಶ್ರಾಂತಿಯಲ್ಲಿ ವರ್ಲ್ಡ್ ಸೀರೀಸ್ ಏಳನೇ ಪಂದ್ಯವನ್ನೂ ಗೆದ್ದರು. 1966ರ ಸೀಸನ್ ಮುಗಿದ ಮೇಲೆ, ಮೊಣಕೈ ಹಾಳಾಗಿ, 30ನೇ ವಯಸ್ಸಿಗೇ ಆಟ ಬಿಟ್ಟರು. ಆ ಕಾಲವನ್ನು ಹೊಗಳುವವರು ಈ ಕೊನೇ ಸಾಲನ್ನು ಯಾಕೋ ಹೇಳುವುದೇ ಇಲ್ಲ. ಈಗ ವೇಗವೂ ಜಾಸ್ತಿ. 2008ರಲ್ಲಿ ಅಮೆರಿಕದ ಮೇಲುಹಂತದ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ ಗಂಟೆಗೆ 91 ಮೈಲಿ ಚಿಲ್ಲರೆ ಇತ್ತು. 2024ರ ಹೊತ್ತಿಗೆ 94 ದಾಟಿದೆ. ಕೈ ಅದೇ ಕೈ.

ಈಗ ಸರದಿಯ ಲೆಕ್ಕಕ್ಕೆ ಬರೋಣ, ಯಾಕೆಂದರೆ ನಿಮ್ಮ ಚಳಿಗಾಲದ ಗೋಳಿಗೆ ಉತ್ತರ ಇರುವುದು ಅಲ್ಲೇ.

ಒಂದು ಸೀಸನ್‌ಗೆ 162 ಪಂದ್ಯ, ಪಂದ್ಯಕ್ಕೆ 9 ಇನ್ನಿಂಗ್ಸ್. ಹೆಚ್ಚು ಕಡಿಮೆ 1,450 ಇನ್ನಿಂಗ್ಸ್ ಯಾರಾದರೂ ಎಸೆಯಲೇಬೇಕು. ನಿಮ್ಮ ಜಯಂಟ್ಸ್‌ನ 2025ರ ಲೆಕ್ಕ ತೆಗೆದುಕೊಳ್ಳಿ. ಲೋಗನ್ ವೆಬ್ 207 ಇನ್ನಿಂಗ್ಸ್, ನ್ಯಾಷನಲ್ ಲೀಗ್‌ನಲ್ಲೇ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಎಲ್ಲರಿಗಿಂತ ಹೆಚ್ಚು. ರಾಬಿ ರೇ 182. ಜಸ್ಟಿನ್ ವರ್ಲ್ಯಾಂಡರ್ 152. ಮೂವರೂ ಸೇರಿ 541. ಇನ್ನೂ 900ಕ್ಕಿಂತ ಜಾಸ್ತಿ ಇನ್ನಿಂಗ್ಸ್ ಬಾಕಿ. ಅದನ್ನು ಎಸೆದವರ ಹೆಸರು ಜರ್ಸಿಯ ಮೇಲೆ ಮಾರಾಟವಾಗುವುದಿಲ್ಲ, ಡಿಸೆಂಬರ್‌ನ ಸುದ್ದಿಯಲ್ಲೂ ಬರುವುದಿಲ್ಲ. ಮದುವೆ ಮನೆಯಲ್ಲಿ ಅಡುಗೆ ಭಟ್ಟರ ಹೆಸರು ಎಷ್ಟೇ ದೊಡ್ಡದಿರಲಿ, ಕೊನೇ ಪಂಕ್ತಿಗೂ ಅನ್ನ ಸಾಲಬೇಕಲ್ವಾ?

ಜೂನ್‌ನಲ್ಲಿ ಜಯಂಟ್ಸ್ ಬ್ಯಾಟರ್ ರಫಾಯೆಲ್ ಡೆವರ್ಸ್‌ರನ್ನು ಬಾಸ್ಟನ್‌ನಿಂದ ತಂದಿತು. ಅದಕ್ಕೆ ಕೊಟ್ಟವರಲ್ಲಿ ಜೋರ್ಡನ್ ಹಿಕ್ಸ್ ಮತ್ತು ಕೈಲ್ ಹ್ಯಾರಿಸನ್ ಇಬ್ಬರೂ ಇದ್ದರು, ಇಬ್ಬರೂ ಪಂದ್ಯ ಶುರು ಮಾಡಬಲ್ಲ ಪಿಚರ್‌ಗಳು. ಆಗಸ್ಟ್‌ನಲ್ಲಿ ಸ್ಟಾರ್ಟರ್ ಲ್ಯಾಂಡನ್ ರೂಪ್ ಮೊಣಕಾಲು ಪೆಟ್ಟು ಮಾಡಿಕೊಂಡರು. ಸೀಸನ್‌ನ ಕೊನೇ ಭಾಗದಲ್ಲಿ ಕಾರ್ಸನ್ ವಿಸೆನ್‌ಹಂಟ್, ಕೈ-ವೇ ಟೆಂಗ್, ಕಾರ್ಸನ್ ಸೀಮೋರ್ ಅಂತ ಹೊಸ ಹುಡುಗರನ್ನು ಇಳಿಸಬೇಕಾಯಿತು. ತಂಡ 81 ಗೆದ್ದು 81 ಸೋತಿತು. ಎಲ್ಲವೂ ಪಿಚಿಂಗ್‌ನಿಂದಲೇ ಆಯಿತು ಅನ್ನುವುದಿಲ್ಲ. ಆದರೆ ಬೇಕಾಗುವ ಸ್ಟಾರ್ಟರ್‌ಗಳ ಸಂಖ್ಯೆ ಐದಕ್ಕೆ ನಿಲ್ಲುವುದಿಲ್ಲ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಇಡೀ ಸೀಸನ್ ಐದೇ ಜನರಿಂದ ಪಂದ್ಯ ಶುರು ಮಾಡಿಸಿದ ತಂಡ ಇಲ್ಲವೇ ಇಲ್ಲ ಅಂತಲ್ಲ. 2003ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಅದನ್ನು ಮಾಡಿತು, 93 ಪಂದ್ಯವನ್ನೂ ಗೆದ್ದಿತು, ಆದರೂ ಪ್ಲೇಆಫ್ ಸೇರಲಿಲ್ಲ. ಅದು ಅದೃಷ್ಟ. ಅದೃಷ್ಟ ನಂಬಿ ಯೋಜನೆ ಹಾಕಲು ಬರುವುದಿಲ್ಲ.

ಆರು ಜನರ ಸರದಿ ಮಾಡಿದರೆ? ಜಪಾನಿನಲ್ಲಿ ಸ್ಟಾರ್ಟರ್ ವಾರಕ್ಕೊಮ್ಮೆ ಎಸೆಯುತ್ತಾನೆ, ಯಮಮೊಟೊ ಬಂದದ್ದು ಆ ಅಭ್ಯಾಸದಿಂದ. ಡಾಡ್ಜರ್ಸ್ ಅದಕ್ಕೆ ಹೊಂದಿಕೊಂಡಿತು. ಬೆಲೆ ಏನು ಗೊತ್ತಾ? ಐದು ಜನರಿದ್ದರೆ ಒಬ್ಬೊಬ್ಬರಿಗೆ 32-33 ಪಂದ್ಯ. ಆರಾದರೆ 27. ಅಂದರೆ ವೆಬ್ ಎಸೆಯಬೇಕಿದ್ದ ಐದಾರು ಪಂದ್ಯ ಆರನೆಯವನ ಕೈಗೆ ಹೋಗುತ್ತದೆ. ಜೊತೆಗೆ 26 ಜನರ ತಂಡದಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ. ಆರು ಸ್ಟಾರ್ಟರ್ ಇಟ್ಟುಕೊಂಡರೆ ಬುಲ್‌ಪೆನ್‌ನಲ್ಲಿ, ಅಂದರೆ ಪಂದ್ಯದ ನಡುವೆ ಬಂದು ಎಸೆಯುವ ರಿಲೀವರ್‌ಗಳಲ್ಲಿ, ಎಂಟರ ಬದಲು ಏಳೇ ಜನ. ಡಾಡ್ಜರ್ಸ್‌ಗೆ ಇಲ್ಲೊಂದು ಸಣ್ಣ ಕಿಂಡಿ ಸಿಕ್ಕಿದೆ. ಒಟಾನಿ ಬ್ಯಾಟಿಂಗೂ ಮಾಡುವ, ಪಿಚಿಂಗೂ ಮಾಡುವ ಆಟಗಾರ ಅಂತ ದಾಖಲಾಗಿರುವುದರಿಂದ ಆ 13ರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅವರು ಮಾಡಿದರು ಅಂತ ಎಲ್ಲರೂ ಮಾಡಲಾಗದು.

ಈಗ ಸ್ನೆಲ್ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಡವಾಗಿ ಸಹಿ ಮಾಡುವುದರ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

2023ರಲ್ಲಿ ಸ್ನೆಲ್ ಸ್ಯಾನ್ ಡಿಯಾಗೊ ಪರ ಆಡಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದು ಫ್ರೀ ಏಜೆಂಟ್ ಆದರು, ಅಂದರೆ ಯಾವ ತಂಡಕ್ಕೆ ಬೇಕಾದರೂ ಹೋಗಬಹುದಿತ್ತು. ದೀರ್ಘ ಒಪ್ಪಂದಕ್ಕೆ ಕಾದರು. ನವೆಂಬರ್ ಹೋಯಿತು, ಫೆಬ್ರವರಿ ಹೋಯಿತು. ಕೊನೆಗೆ 2024ರ ಮಾರ್ಚ್ ಮೂರನೇ ವಾರದಲ್ಲಿ ಜಯಂಟ್ಸ್ ಜೊತೆ ಎರಡು ವರ್ಷಕ್ಕೆ 6.2 ಕೋಟಿ ಡಾಲರ್, ಒಂದು ವರ್ಷ ಆದ ಮೇಲೆ ಬೇಕಿದ್ದರೆ ಬಿಟ್ಟು ಹೋಗುವ ಹಕ್ಕು ಅವರದು. ಆ ಹೊತ್ತಿಗೆ ಉಳಿದ ಪಿಚರ್‌ಗಳು ಅರಿಜೋನಾದ ಶಿಬಿರದಲ್ಲಿ ಐದು ವಾರ ಕಳೆದಿದ್ದರು. ಆ ಶಿಬಿರ ಸುಮ್ನೆ ಅಲ್ಲ. ಮೊದಲ ಸಲ ಒಂದು ಇನ್ನಿಂಗ್ಸ್, ಐದು ದಿನ ಬಿಟ್ಟು ಎರಡು, ಹೀಗೆ ಪ್ರತಿ ಸಲ ಹದಿನೈದು ಎಸೆತ ಏರಿಸುತ್ತಾ 85-90ಕ್ಕೆ ತಂದು ನಿಲ್ಲಿಸಲು ಆರು ವಾರ ಬೇಕು. ಮನೆಯಲ್ಲಿ ಎಷ್ಟೇ ಅಭ್ಯಾಸ ಮಾಡಿದ್ದರೂ ಎದುರಿಗೆ ನಿಜವಾದ ಬ್ಯಾಟರ್ ನಿಂತಾಗ ಮೈ ಹಾಕುವ ಶಕ್ತಿಯೇ ಬೇರೆ.

ಸ್ನೆಲ್ ಏಪ್ರಿಲ್ 8ಕ್ಕೆ ಇಳಿದರು. ಮೊದಲ ಆರು ಪಂದ್ಯದಲ್ಲಿ ಒಂದೂ ಗೆಲುವಿಲ್ಲ, ಮೂರು ಸೋಲು. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್ 9.51. ನಡುವೆ ಎರಡು ಸಲ ತೊಡೆಸಂದಿಯ ನೋವಿಗೆ ಗಾಯಾಳು ಪಟ್ಟಿ. ಜುಲೈ 9ಕ್ಕೆ ಮರಳಿದರು ನೋಡಿ, ಆಮೇಲಿನ 14 ಪಂದ್ಯದಲ್ಲಿ ಅದೇ ಸರಾಸರಿ 1.23! ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಒಂದೂ ಹಿಟ್ (ಹೊಡೆದು ಬೇಸ್ ಸೇರುವುದು) ಕೊಡದೆ ಒಂಬತ್ತೂ ಇನ್ನಿಂಗ್ಸ್ ಮುಗಿಸಿದರು. ಎರಡು ಸೈ ಯಂಗ್ ಗೆದ್ದವರು ಪೂರ್ತಿ ಪಂದ್ಯ ಎಸೆದದ್ದು ಅದೇ ಮೊದಲು.

ಅದೇ ವಸಂತದಲ್ಲಿ ಜೋರ್ಡನ್ ಮಾಂಟ್‌ಗೊಮರಿ ಕೂಡ ಮಾರ್ಚ್ ಕೊನೆಯವರೆಗೆ ಕಾದು ಅರಿಜೋನಾ ಸೇರಿದರು, 2.5 ಕೋಟಿ ಡಾಲರ್‌ಗೆ. ಹಿಂದಿನ ವರ್ಷ ಟೆಕ್ಸಸ್ ವರ್ಲ್ಡ್ ಸೀರೀಸ್ ಗೆಲ್ಲುವಲ್ಲಿ ದೊಡ್ಡ ಪಾತ್ರ ಅವರದು. ಇಲ್ಲಿ ಸರಾಸರಿ 6.23. ಆಗಸ್ಟ್‌ನಲ್ಲಿ ಬುಲ್‌ಪೆನ್‌ಗೆ ಕಳಿಸಿದರು. ಅವರನ್ನು ತರಿಸಿದ್ದು ತನ್ನದೇ ತಪ್ಪು ಅಂತ ತಂಡದ ಮಾಲೀಕರು ಬಹಿರಂಗವಾಗಿ ಹೇಳಿದರು. ಆ ವರ್ಷ ಅರಿಜೋನಾ, ಮೆಟ್ಸ್, ಬ್ರೇವ್ಸ್ ಮೂರೂ 89 ಗೆದ್ದು ಸಮ ಆಗಿದ್ದವು, ಪ್ಲೇಆಫ್‌ನಿಂದ ಹೊರಗೆ ಉಳಿದದ್ದು ಅರಿಜೋನಾ. ಇನ್ನೊಂದೇ ಒಂದು ಪಂದ್ಯ ಗೆದ್ದಿದ್ದರೆ ಒಳಗೆ ಇರುತ್ತಿತ್ತು.

ಇಬ್ಬರ ಕಥೆಯಿಂದ ತಡವಾದರೆ ಕೆಟ್ಟಿತು ಅಂತ ಸೂತ್ರ ಮಾಡುವುದು ಬೇಡ. ಮಾಂಟ್‌ಗೊಮರಿ ಮೊದಲ ಪಂದ್ಯವನ್ನು ಚೆನ್ನಾಗಿಯೇ ಎಸೆದಿದ್ದರು, ಅದೂ ನಿಮ್ಮ ಜಯಂಟ್ಸ್ ಎದುರಿಗೇ. ಆದರೆ ಬ್ಯಾಟರ್‌ಗಿಂತ ಪಿಚರ್‌ಗೆ ತಡ ಹೆಚ್ಚು ದುಬಾರಿ ಅನ್ನುವುದು ನನ್ನ ಅನುಭವ. ಡಿಸೆಂಬರ್‌ಗೆ ಸಹಿ ಆಗದಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಜನವರಿಯಲ್ಲೂ ಇಲ್ಲ. ಫೆಬ್ರವರಿ ಮಧ್ಯದಲ್ಲಿ ಶಿಬಿರ ತೆರೆಯುತ್ತದೆ, ಅದೇ ನಿಜವಾದ ಗಡುವು. ಅದು ದಾಟಿದರೆ ಮೊದಲ ಎರಡು ತಿಂಗಳನ್ನು ಕೈಬಿಡಲು ಸಿದ್ಧರಿರಬೇಕು.

ಇನ್ನೊಂದು ನಷ್ಟ ಇದೆ, ಅಭಿಮಾನಿಗಳ ಕಣ್ಣಿಗೆ ಬೀಳುವುದಿಲ್ಲ. ಒಳ್ಳೆಯ ಆಟಗಾರ ಫ್ರೀ ಏಜೆಂಟ್ ಆಗುವಾಗ ಹಳೇ ತಂಡ ಅವನಿಗೆ ಒಂದು ವರ್ಷದ ನಿಗದಿತ ಮೊತ್ತದ ಕೊಡುಗೆ ಇಡಬಹುದು, 2025ರ ಕೊನೆಯಲ್ಲಿ ಅದು ಸುಮಾರು 2.2 ಕೋಟಿ ಡಾಲರ್ ಇತ್ತು. ಅವನು ಬೇಡ ಅಂದು ಬೇರೆ ಕಡೆ ಹೋದರೆ, ಕೊಂಡ ತಂಡ ಡ್ರಾಫ್ಟ್‌ನಲ್ಲಿ ಒಬ್ಬ ಹುಡುಗನನ್ನು ಆರಿಸುವ ಅವಕಾಶ ಕಳೆದುಕೊಳ್ಳುತ್ತದೆ. ಸ್ನೆಲ್‌ಗಾಗಿ ಜಯಂಟ್ಸ್ ಅದನ್ನು ಕಳೆದುಕೊಂಡಿತು. ಆದರೆ ಒಬ್ಬ ಆಟಗಾರನಿಗೆ ಜೀವಮಾನದಲ್ಲಿ ಒಂದೇ ಸಲ ಈ ಕೊಡುಗೆ ಇಡಬಹುದು. ಹಾಗಾಗಿ ಸ್ನೆಲ್ ಬಿಟ್ಟು ಹೋದಾಗ ಜಯಂಟ್ಸ್‌ಗೆ ಬದಲಿಗೆ ಏನೂ ಸಿಗಲಿಲ್ಲ. ಬರುವಾಗಲೂ ಕೊಟ್ಟರು, ಹೋಗುವಾಗಲೂ ಕೊಟ್ಟರು.

ಡಾಡ್ಜರ್ಸ್ ಅವರಿಗೆ ಐದು ವರ್ಷಕ್ಕೆ 18.2 ಕೋಟಿ ಕೊಟ್ಟಿತು. ಮೊದಲ ವರ್ಷ ಏನಾಯಿತು? ಭುಜದ ತೊಂದರೆಯಿಂದ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಇಲ್ಲ, ಲೀಗ್ ಹಂತದಲ್ಲಿ 11 ಪಂದ್ಯ ಅಷ್ಟೇ. ಆದರೂ ಅವರಿಗೆ ಅದು ಲಾಭವೇ, ಯಾಕೆಂದರೆ ಉಳಿದ ತಿಂಗಳು ತಂಡವನ್ನು ಎಳೆಯಲು ಬೇರೆಯವರಿದ್ದರು, ಅಕ್ಟೋಬರ್‌ಗೆ ಸ್ನೆಲ್ ತಾಜಾ ಕೈಯಲ್ಲಿ ಬಂದು ಮಿಲ್ವಾಕಿ ಎದುರು ಎಂಟು ಇನ್ನಿಂಗ್ಸ್‌ನಲ್ಲಿ ಒಂದೇ ಹಿಟ್ ಕೊಟ್ಟರು. ಅದೇ ಪಿಚರ್, ಅದೇ 11 ಪಂದ್ಯ ಜಯಂಟ್ಸ್‌ನಲ್ಲಿ ಆಗಿದ್ದರೆ ನೀವು ಜೂನ್‌ನಲ್ಲೇ ಟಿವಿ ಆಫ್ ಮಾಡುತ್ತಿದ್ದಿರಿ. ಒಬ್ಬ ಪಿಚರ್‌ನ ಬೆಲೆ ಅವನ ಹಿಂದೆ ನಿಂತವರನ್ನು ನೋಡಿ ಬದಲಾಗುತ್ತದೆ. ದುಡ್ಡಿನ ಬಗ್ಗೆ ಮಾತಾಡುವಾಗ ನಾವು ಮರೆಯುವುದು ಇದನ್ನೇ.

ಡಾಡ್ಜರ್ಸ್‌ಗೆ ದುಡ್ಡು ಜಾಸ್ತಿ ಅನ್ನುವುದು ನಿಜ, ಅದನ್ನು ಅಲ್ಲಗಳೆಯುವುದು ಮೋಸ. ಒಟಾನಿಯ 70 ಕೋಟಿಯಲ್ಲಿ 68 ಕೋಟಿಯನ್ನು 2034ರಿಂದ ಆಚೆಗೆ ಕೊಡುವುದು ಅಂತ ಮುಂದೂಡಿದ್ದಾರೆ. ಇಲ್ಲಿ ಐಪಿಎಲ್ ಥರ ಹರಾಜೂ ಇಲ್ಲ, ಇಷ್ಟೇ ಖರ್ಚು ಮಾಡಬೇಕೆಂಬ ಕಟ್ಟುನಿಟ್ಟೂ ಇಲ್ಲ. ಒಂದು ಗೆರೆ ದಾಟಿದರೆ ದಂಡದ ತೆರಿಗೆ, ಅಷ್ಟೇ. ಆದರೆ ದುಡ್ಡು ಮೊಣಕೈಯನ್ನು ಕಾಪಾಡುವುದಿಲ್ಲ. 2024ರ ಅಕ್ಟೋಬರ್‌ಗೆ ಅವರ ಹತ್ತಿರ ಗಟ್ಟಿ ಸ್ಟಾರ್ಟರ್ ಇದ್ದದ್ದು ಮೂವರೇ. ಒಂದು ಪಂದ್ಯದಲ್ಲಿ ಎಂಟು ಜನ ಸ್ವಲ್ಪ ಸ್ವಲ್ಪ ಎಸೆದು ಸ್ಯಾನ್ ಡಿಯಾಗೊವನ್ನು 8-0 ಸೋಲಿಸಿದರು. ಆ ಸಲವೂ ಕಪ್ ಅವರದೇ.

ಹಾಗಾದರೆ ನಿಮ್ಮ ತಂಡದ ಮುಂದೆ ಇರುವ ದಾರಿಗಳೇನು?

ದೊಡ್ಡ ಹೆಸರಿಗೆ ದೀರ್ಘ ಒಪ್ಪಂದ ಮಾಡುವುದು ಒಂದು. ಸಿಕ್ಕರೆ ಹತ್ತು ವರ್ಷದ ಚಿಂತೆ ಹೋಗುತ್ತದೆ, ಕೆಟ್ಟರೆ ಹತ್ತು ವರ್ಷದ ಚಿಂತೆ ಬರುತ್ತದೆ. ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಜೊತೆ ಏಳು ವರ್ಷಕ್ಕೆ 24.5 ಕೋಟಿಗೆ ಸಹಿ ಹಾಕಿ, ಆಮೇಲೆ ಎಸೆದದ್ದು ಎಂಟೇ ಪಂದ್ಯ. ಟೆಕ್ಸಸ್‌ನ ಜೇಕಬ್ ಡಿಗ್ರಾಮ್ 18.5 ಕೋಟಿ ಪಡೆದು ಮೊದಲೆರಡು ವರ್ಷ ಒಟ್ಟು ಒಂಬತ್ತು ಪಂದ್ಯ ಎಸೆದರು, 2025ರಲ್ಲಿ 30. ಅವರು ಮಲಗಿದ್ದ 2023ರಲ್ಲೇ ಟೆಕ್ಸಸ್ ಕಪ್ ಗೆದ್ದಿತು. ಇಂಥ ಒಪ್ಪಂದಕ್ಕೆ ಮುಂಚೆ ನಾನು ವೇಗ ನೋಡುವುದಿಲ್ಲ, ಹಿಂದಿನ ಮೂರು ವರ್ಷದ ಇನ್ನಿಂಗ್ಸ್ ನೋಡುತ್ತೇನೆ.

ಹಳಬರನ್ನು ಒಂದು ವರ್ಷಕ್ಕೆ ತರುವುದು ಇನ್ನೊಂದು. 42 ವರ್ಷದ ವರ್ಲ್ಯಾಂಡರ್‌ಗೆ ಜಯಂಟ್ಸ್ 1.5 ಕೋಟಿ ಕೊಟ್ಟಿತು. 4 ಗೆಲುವು, 11 ಸೋಲು ಅಂತ ಎಲ್ಲರೂ ನಕ್ಕರು. ಸರಾಸರಿ ನೋಡಿ, 3.85. ಎಸೆದದ್ದು 29 ಪಂದ್ಯ. ಗೆಲುವಿನ ಕಾಲಂ ಬ್ಯಾಟರ್‌ಗಳ ಕೈಯಲ್ಲಿರುತ್ತದೆ. ನನ್ನ ಪ್ರಕಾರ ಅದು ಕೆಟ್ಟ ವ್ಯಾಪಾರ ಅಲ್ಲವೇ ಅಲ್ಲ.

ರಿಲೀವರ್‌ನನ್ನು ಸ್ಟಾರ್ಟರ್ ಮಾಡುವುದು ಅಗ್ಗದ ದಾರಿ, ತಂಡಗಳಿಗೆ ಈಗ ಬಲು ಇಷ್ಟ. ಹಿಕ್ಸ್ ಜೊತೆ ಜಯಂಟ್ಸ್ 2024ರಲ್ಲಿ ಅದನ್ನೇ ಮಾಡಿತು. ಏಪ್ರಿಲ್‌ನಲ್ಲಿ ಹಬ್ಬ, ಜುಲೈಗೆ ಕೈ ಸೋತು ಮತ್ತೆ ಬುಲ್‌ಪೆನ್. ಸೆತ್ ಲೂಗೊ ಕೂಡ ಬುಲ್‌ಪೆನ್‌ನಿಂದ ಬಂದವರೇ. ಆದರೆ ಅವರು ಮೊದಲು ಸ್ಯಾನ್ ಡಿಯಾಗೊದಲ್ಲಿ ಒಂದು ವರ್ಷ ಮೈ ಪಳಗಿಸಿ, ಆಮೇಲೆ ಕಾನ್ಸಾಸ್ ಸಿಟಿಗೆ ಮೂರು ವರ್ಷಕ್ಕೆ 4.5 ಕೋಟಿಗೆ ಹೋಗಿ 2024ರಲ್ಲಿ 206 ಇನ್ನಿಂಗ್ಸ್ ಎಸೆದರು. ಆ ಚಳಿಗಾಲದ ಅತಿ ಒಳ್ಳೆಯ ಸಹಿ ಅದೇ ಅಂತ ನನಗೆ ಅನ್ನಿಸುತ್ತದೆ. ಸುದ್ದಿಯೇ ಆಗಲಿಲ್ಲ.

ಉಳಿದದ್ದು ತಾವೇ ಬೆಳೆಸುವುದು. ವೆಬ್ 2014ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಹುಡುಗ, ನಿಮ್ಮ ಉತ್ತರ ಕ್ಯಾಲಿಫೋರ್ನಿಯಾದವರೇ. ಐದು ವರ್ಷಕ್ಕೆ 9 ಕೋಟಿಗೆ ಉಳಿದುಕೊಂಡರು. ಅಪಾಯ ಇಷ್ಟೇ: ಹತ್ತು ಹುಡುಗರನ್ನು ಬೆಳೆಸಿದರೆ ಒಬ್ಬ ವೆಬ್ ಆಗುತ್ತಾನೆ, ಅದು ಯಾರು ಅಂತ ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಹ್ಯಾರಿಸನ್ ಥರದವರನ್ನು ಬ್ಯಾಟರ್‌ಗಾಗಿ ಕೊಟ್ಟಾಗ ನನ್ನಂಥವರ ಹೊಟ್ಟೆ ಚುರ್ ಅನ್ನುತ್ತದೆ. ಡೆವರ್ಸ್ ಸಿಕ್ಕಾಗ ನಿಮ್ಮ ಮನೆಯಲ್ಲಿ ಸಿಹಿ ಹಂಚಿರಬಹುದು, ಇರಲಿ.

ನಾನು ಜಯಂಟ್ಸ್‌ನಲ್ಲಿ ಇದ್ದಿದ್ದರೆ ಒಬ್ಬ ಲೂಗೊ ಥರದವರನ್ನೂ, ಒಬ್ಬ ಹಳಬರನ್ನೂ ಫೆಬ್ರವರಿ ಒಳಗೆ ತಂದು, ವೆಬ್ ಹಿಂದೆ ನಿಲ್ಲಿಸಿ, ಉಳಿದ ದುಡ್ಡನ್ನು ಸೀಸನ್ ನಡುವೆ ಆಟಗಾರರನ್ನು ತರಲು ಜುಲೈಗೆ ಎತ್ತಿಡುತ್ತಿದ್ದೆ. ಈ ಚಳಿಗಾಲದಲ್ಲಿ ನೀವು ನೋಡಬೇಕಾದದ್ದು ಸ್ಟಾರ್ಟರ್‌ಗಳ ಪಟ್ಟಿಯ ಆರರಿಂದ ಒಂಬತ್ತನೇ ಹೆಸರುಗಳನ್ನು. ಆ ನಾಲ್ವರಲ್ಲಿ ಎಷ್ಟು ಜನರನ್ನು ಇನ್ನೂ ಕೆಳಹಂತದ ಮೈನರ್ ಲೀಗ್‌ಗೆ ಕಳಿಸಿ ವಾಪಸ್ ಕರೆಸಿಕೊಳ್ಳುವ ಅವಕಾಶ ಉಳಿದಿದೆ, ಹಿಂದಿನ ವರ್ಷ ಯಾರು 100 ಇನ್ನಿಂಗ್ಸ್ ದಾಟಿದ್ದಾರೆ, ಇಷ್ಟು ನೋಡಿ. ಮೂವರಾದರೂ ಸಿಕ್ಕರೆ ಡಿಸೆಂಬರ್‌ನ ಸುದ್ದಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಒಬ್ಬರೇ ಸಿಕ್ಕರೆ, ಸ್ನೆಲ್ ವಾಪಸ್ ಬಂದರೂ ಆಗಸ್ಟ್ ಕಷ್ಟವೇ.